ಸರಕಿನ ಒಡೆಯನೋ, ಬಿಟ್ಟಿ ಪ್ರಯಾಣಿಕನೋ?

2025ರ ಜನವರಿ 22, ಬುಧವಾರ. ಕುಮಟಾದ ಸಂತೆಗೆಂದು ಸವಣೂರಿನಿಂದ ಹಣ್ಣು, ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿಯೊಂದು ಬೆಳಕು ಹರಿಯುವ ಮುನ್ನವೇ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಉರುಳಿತು. ಮತ್ತೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಚಾಲಕನು ಎಡಕ್ಕೆ ಸರಿದನೆಂದೂ, ಕಣಿವೆಯ ಬದಿಗೆ ತಡೆಗೋಡೆ ಇರಲಿಲ್ಲವೆಂದೂ ಪೊಲೀಸರು ಅಂದು ತಿಳಿಸಿದರು. ಲಾರಿಯಲ್ಲಿದ್ದವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಸಂತೆಯಿಂದ ಸಂತೆಗೆ ತಿರುಗಿ ಹೊಟ್ಟೆ ಹೊರೆಯುವ ಸಣ್ಣ ವ್ಯಾಪಾರಿಗಳು. ಅವರಲ್ಲಿ ಹತ್ತು ಜನ ಅಂದೇ ಅಸುನೀಗಿದರು. ಉಳಿದವರನ್ನು ಗಾಯಾಳುಗಳಾಗಿ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಒಂದೇ ಪಟ್ಟಣದ ಇಷ್ಟು ಮನೆಗಳ ಅನ್ನ ಒಂದೇ ಮುಂಜಾನೆ ನಿಂತುಹೋಯಿತು.

ಪ್ರಧಾನಮಂತ್ರಿಗಳ ಪರಿಹಾರ ನಿಧಿಯಿಂದ ಮೃತರ ಕುಟುಂಬಕ್ಕೆ ತಲಾ 2 ಲಕ್ಷ ರೂಪಾಯಿ, ಗಾಯಾಳುಗಳಿಗೆ ತಲಾ 50 ಸಾವಿರ ರೂಪಾಯಿ ಪ್ರಕಟವಾಯಿತು. ರಾಜ್ಯ ಸರ್ಕಾರವೂ ನೆರವು ಘೋಷಿಸಿತು. ಪತ್ರಿಕೆಗಳು ಇದನ್ನು ‘ಪರಿಹಾರ’ ಎಂದೇ ಬರೆದವು. ನಮ್ಮ ನುಡಿಯಲ್ಲಿ ಈ ಒಂದು ಶಬ್ದದ ಹೆಗಲ ಮೇಲೆ ಹಲವು ಹೊರೆಗಳಿವೆ. ಸರ್ಕಾರವು ಕನಿಕರದಿಂದ ಕೊಡುವುದೂ ಪರಿಹಾರ, ನ್ಯಾಯಾಲಯವು ಲೆಕ್ಕ ಹಾಕಿ ವಿಧಿಸುವುದೂ ಪರಿಹಾರ, ಪಾಪನಿವೇದನೆಯ ಪೀಠದ ಬಳಿ ನಾವು ಬೇಡುವುದೂ ಪರಿಹಾರ. ಹೀಗಾಗಿ ಮೊದಲನೆಯದು ಕೈಗೆ ಬಂದೊಡನೆ ಎರಡನೆಯದೂ ಬಂದಂತಾಯಿತೆಂದು ಭಾವಿಸಿ ಸುಮ್ಮನಾದ ಕುಟುಂಬಗಳು ನಮ್ಮ ನಡುವೆ ಇಲ್ಲದಿಲ್ಲ. ಸರ್ಕಾರದ್ದು ದಾನ. ನ್ಯಾಯಮಂಡಳಿಯದು ಸಾಲ ವಸೂಲಿ. ದಾನ ಪಡೆದುದರಿಂದ ಸಾಲದ ಹಕ್ಕು ಹೋಗುವುದಿಲ್ಲ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ನಮ್ಮ ಕಥೋಲಿಕ ಕುಟುಂಬಗಳು ವಿರಳ. ಆದರೆ ದುಡಿಮೆಯ ದಾರಿ ನೆರೆಯವರದೇ. ಸಂತೆಗೆ ಹೋಗುವವರು, ಲಾರಿ ಓಡಿಸುವವರು, ಹೇರುವ ಇಳಿಸುವ ಹಮಾಲರು ನಮ್ಮಲ್ಲೂ ಇದ್ದಾರೆ. ಸಂಬಂಧಿಕರ ಮದುವೆಗೆ, ಧರ್ಮಕೇಂದ್ರದ ಹಬ್ಬಕ್ಕೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಹೋಗುವ ರೂಢಿ ನಮ್ಮ ಹಳ್ಳಿಗಳಲ್ಲೂ ಉಂಟು. ಆದ್ದರಿಂದ ಸವಣೂರಿನ ಆ ಲಾರಿಯ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೂ ಹೌದು. ಆ ಪ್ರಶ್ನೆ ಇಷ್ಟೇ: ಸರಕು ವಾಹನದಲ್ಲಿ ಸತ್ತವನನ್ನು ಕಾನೂನು ಯಾವ ಹೆಸರಿನಿಂದ ಕರೆಯುತ್ತದೆ?

ಪ್ರಶ್ನೆ ಸಣ್ಣದಾಗಿ ಕಾಣಬಹುದು. ಇದರ ತೂಕ ತಿಳಿಯಬೇಕಾದರೆ ಮೊದಲು ಪರಿಹಾರದ ಲೆಕ್ಕ ಹೇಗೆ ನಡೆಯುತ್ತದೆಂದು ನೋಡಬೇಕು.

ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲೂ, 2017ರ ಅಕ್ಟೋಬರ್ 31ರಂದು ಐವರು ನ್ಯಾಯಮೂರ್ತಿಗಳ ಪೀಠದಿಂದ ಪ್ರಣಯ್ ಸೇಠಿ ಪ್ರಕರಣದಲ್ಲೂ ಕೊಟ್ಟ ತೀರ್ಪುಗಳು ಈಗ ದೇಶದ ಎಲ್ಲ ಮೋಟಾರು ಅಪಘಾತ ನ್ಯಾಯಮಂಡಳಿಗಳಿಗೂ ಮಗ್ಗಿ ಪುಸ್ತಕವಿದ್ದಂತೆ. ಉದಾಹರಣೆಗೆ, 38 ವರ್ಷದ ಒಬ್ಬ ತರಕಾರಿ ವ್ಯಾಪಾರಿ ಅಪಘಾತದಲ್ಲಿ ತೀರಿಕೊಂಡನೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವೃದ್ಧ ತಾಯಿ. ತಿಂಗಳ ಆದಾಯ 15,000 ರೂಪಾಯಿ ಎಂದು ರುಜುವಾತಾದರೆ ವರ್ಷಕ್ಕೆ 1,80,000. ಬದುಕಿದ್ದರೆ ಅವನ ಗಳಿಕೆ ಏರುತ್ತಿತ್ತು. ಸ್ವಂತ ಉದ್ಯೋಗದವನಾಗಿ 40 ವರ್ಷಕ್ಕಿಂತ ಕೆಳಗಿನ ಪ್ರಾಯದವನಾದ್ದರಿಂದ ಶೇಕಡಾ 40 ಸೇರಿಸಬೇಕು. ಆಗ 2,52,000. ಅವನು ತನ್ನ ಸ್ವಂತಕ್ಕೆ ಖರ್ಚು ಮಾಡಿಕೊಳ್ಳುತ್ತಿದ್ದ ಪಾಲನ್ನು ಇದರಲ್ಲಿ ಕಳೆಯಬೇಕು. ಅವಲಂಬಿತರು ನಾಲ್ವರಿಂದ ಆರು ಮಂದಿ ಇದ್ದರೆ ಆ ಪಾಲು ನಾಲ್ಕನೆಯ ಒಂದು. ಉಳಿದದ್ದು 1,89,000. ಇದನ್ನು ಪ್ರಾಯಕ್ಕೆ ತಕ್ಕ ಗುಣಕದಿಂದ ಗುಣಿಸಬೇಕು. 36ರಿಂದ 40ರ ಪ್ರಾಯಕ್ಕೆ ಗುಣಕ 15. ಮೊತ್ತ 28,35,000 ರೂಪಾಯಿ. ಇದರ ಮೇಲೆ ಹೆಂಡತಿ ಮಕ್ಕಳು ತಾಯಿ ಕಳೆದುಕೊಂಡ ಸಾಹಚರ್ಯಕ್ಕೆ, ಅಂತ್ಯಕ್ರಿಯೆಗೆ, ಆಸ್ತಿ ನಷ್ಟಕ್ಕೆ ಗೊತ್ತುಪಡಿಸಿದ ಮೊತ್ತಗಳಿವೆ. 2017ರಲ್ಲಿ ಸಾಹಚರ್ಯಕ್ಕೆ 40,000, ಉಳಿದೆರಡಕ್ಕೆ ತಲಾ 15,000 ಎಂದಿದ್ದು, ಮೂರು ವರ್ಷಕ್ಕೊಮ್ಮೆ ಶೇಕಡಾ 10 ಏರಿಸಬೇಕೆಂದು ತೀರ್ಪೇ ಹೇಳಿದೆ. ಎರಡು ಏರಿಕೆ ಸೇರಿದರೆ 48,400 ಮತ್ತು 18,150. ನಾಲ್ವರ ಸಾಹಚರ್ಯ ಸೇರಿ ಇವು 2,29,900. ಒಟ್ಟು 30,64,900 ರೂಪಾಯಿ; ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ.

ಈ ಲೆಕ್ಕದಲ್ಲಿ ಪ್ರಾಯ, ಅವಲಂಬಿತರ ಸಂಖ್ಯೆ, ಗುಣಕ ಇವು ಯಾವುವೂ ಚರ್ಚೆಗೆ ಹೆಚ್ಚು ಅವಕಾಶ ಕೊಡುವುದಿಲ್ಲ. ಅಲುಗಾಡುವ ಕಂಬವೆಂದರೆ ಆದಾಯ. ಅದೇ ವ್ಯಾಪಾರಿಯ ಗಳಿಕೆಗೆ ಕಾಗದವಿಲ್ಲವೆಂದು ನ್ಯಾಯಮಂಡಳಿಯು ತಿಂಗಳಿಗೆ 9,000 ಎಂದು ಹಿಡಿದರೆ 28 ಲಕ್ಷದ 35 ಸಾವಿರವು 17 ಲಕ್ಷದ 1 ಸಾವಿರಕ್ಕೆ ಇಳಿಯುತ್ತದೆ. ತಿಂಗಳಿಗೆ ಆರು ಸಾವಿರದ ವ್ಯತ್ಯಾಸ ಹದಿನೈದರ ಗುಣಕದಲ್ಲಿ ಹನ್ನೊಂದು ಲಕ್ಷಕ್ಕೂ ಮಿಗಿಲಾಗುತ್ತದೆ. ಸಂತೆಯ ವ್ಯಾಪಾರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ಕರ್ನಾಟಕದ ಒಬ್ಬ ಕೂಲಿಕಾರನು 2004ರ ಅಪಘಾತದಲ್ಲಿ ಗಾಯಗೊಂಡು, ತಾನು ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆನೆಂದಾಗ ಕೆಳಗಿನ ಎರಡೂ ನ್ಯಾಯಪೀಠಗಳು 3,000ಕ್ಕೆ ಇಳಿಸಿದ್ದವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೂಲಿಕಾರನಿಂದ ಆದಾಯದ ದಾಖಲೆ ನಿರೀಕ್ಷಿಸುವುದು ಸರಿಯಲ್ಲ, ಆತನ ಮಾತು ಅತಿಶಯವಲ್ಲದಿದ್ದರೆ ಒಪ್ಪಬೇಕು ಎಂಬ ಅಭಿಪ್ರಾಯದೊಂದಿಗೆ 4,500ನ್ನೇ ಒಪ್ಪಿತು. ದಾಖಲೆಯೇ ಇಲ್ಲದ ಸಂದರ್ಭಕ್ಕೆಂದು ನಮ್ಮ ರಾಜ್ಯದಲ್ಲಿ ಕಾನೂನು ಸೇವಾ ಪ್ರಾಧಿಕಾರವು ಲೋಕ ಅದಾಲತ್ತಿಗಾಗಿ ವರ್ಷವಾರು ಅಂದಾಜು ಆದಾಯದ ಪಟ್ಟಿಯೊಂದನ್ನು ಮಾಡಿದೆ. ಉಚ್ಚ ನ್ಯಾಯಾಲಯದ ಧಾರವಾಡ ಪೀಠವೂ ಹಲವು ತೀರ್ಪುಗಳಲ್ಲಿ ಅದನ್ನೇ ಆಧರಿಸಿದೆ. ಆದರೆ ಆ ಪಟ್ಟಿ ಕೊನೆಯ ಊರುಗೋಲು. ದಲ್ಲಾಳಿ ಅಂಗಡಿಯ ಪಟ್ಟಿ, ಎಪಿಎಂಸಿಯ ರಸೀದಿ, ಸ್ವಸಹಾಯ ಸಂಘದ ಸಾಲದ ಪುಸ್ತಕ, ಮೊಬೈಲಿನಲ್ಲಿ ಹಣ ಸಂದಾಯವಾದ ವಿವರ, ಸಂತೆಯ ಕರದ ಚೀಟಿ ಇವುಗಳಲ್ಲಿ ಒಂದೆರಡಾದರೂ ಇದ್ದರೆ ಆ ಊರುಗೋಲು ಬೇಕಾಗುವುದಿಲ್ಲ. ದಿನಾಲು ಕಸವೆಂದು ಎಸೆಯುವ ಚೀಟಿಗಳಿವು.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ಆ 30 ಲಕ್ಷವನ್ನು ಕೊಡಬೇಕಾದವರು ಯಾರು? ಪುಸ್ತಕದ ಪ್ರಕಾರ ಚಾಲಕ, ವಾಹನದ ಮಾಲೀಕ, ವಿಮಾ ಕಂಪೆನಿ ಮೂವರೂ ಹೊಣೆ. ವಾಸ್ತವದಲ್ಲಿ ಹಣವಿರುವುದು ವಿಮಾ ಕಂಪೆನಿಯ ಬಳಿ ಮಾತ್ರ. ಒಂದೇ ಲಾರಿಯನ್ನು ಸಾಲದ ಮೇಲೆ ಕೊಂಡು ಓಡಿಸುವ ಮಾಲೀಕನ ವಿರುದ್ಧ ಹತ್ತು ಕುಟುಂಬಗಳಿಗೆ ತೀರ್ಪಾದರೆ, ಜಫ್ತಿ ಮಾಡಲು ಅವನಲ್ಲಿ ಉಳಿದಿರುವುದು ಜಜ್ಜಿಹೋದ ಆ ಲಾರಿ. ಆದ್ದರಿಂದ ವಿಮಾ ಕಂಪೆನಿ ಹೊಣೆಯಿಂದ ಪಾರಾಯಿತೆಂದರೆ ತೀರ್ಪಿನ ಕಾಗದ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಷ್ಟೇ ಯೋಗ್ಯ.

ಅಪಘಾತಕ್ಕೀಡಾದವನಿಗೆ ಕಾನೂನು ಕೊಡುವ ಹೆಸರಿನ ಪ್ರಶ್ನೆ ಬರುವುದು ಇಲ್ಲೇ.

ಸರಕು ವಾಹನವು ಸರಕಿಗಾಗಿ ಇರುವುದು. ಅದರ ಕಡ್ಡಾಯ ವಿಮೆ ದಾರಿಹೋಕರಿಗೆ, ಎದುರಿನ ವಾಹನದವರಿಗೆ, ಚಾಲಕ ಮೊದಲಾದ ನೌಕರರಿಗೆ ಅನ್ವಯಿಸುತ್ತದೆ. ಅದರಲ್ಲಿ ಹತ್ತಿ ಕುಳಿತ ಪ್ರಯಾಣಿಕನ ಗತಿಯೇನು? ಮೋಟಾರು ವಾಹನ ಕಾಯಿದೆ 1988ರಲ್ಲಿ ಇದು ಅಸ್ಪಷ್ಟವಾಗಿತ್ತು. 1994ರ ತಿದ್ದುಪಡಿಯು 147ನೆಯ ಕಲಮಿನಲ್ಲಿ ಕೆಲವೇ ಶಬ್ದಗಳನ್ನು ಸೇರಿಸಿ, ವಾಹನದಲ್ಲಿ ಸಾಗುವ ‘ಸರಕಿನ ಒಡೆಯ ಅಥವಾ ಆತನ ಅಧಿಕೃತ ಪ್ರತಿನಿಧಿ’ಗೂ ವಿಮೆಯ ರಕ್ಷಣೆ ಕೊಟ್ಟಿತು. ಬಳಿಕ, 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲೂ, 2004ರಲ್ಲಿ ಬಲ್ಜೀತ್ ಕೌರ್ ಪ್ರಕರಣದಲ್ಲೂ ಸರ್ವೋಚ್ಚ ನ್ಯಾಯಾಲಯವು ಗೆರೆ ಎಳೆಯಿತು: ಸರಕಿಗೆ ಸಂಬಂಧವಿಲ್ಲದೆ ಸುಮ್ಮನೆ ಹತ್ತಿದವನು ಬಿಟ್ಟಿ ಪ್ರಯಾಣಿಕ, ಅವನ ಪ್ರಾಣಕ್ಕೆ ವಿಮಾ ಕಂಪೆನಿ ಹೊಣೆಯಲ್ಲ.

ತನ್ನ ಹತ್ತು ಚೀಲ ಬದನೆಕಾಯಿಯನ್ನು ಮಾರಲೆಂದು ಅದರ ಜೊತೆಗೇ ಲಾರಿ ಹತ್ತಿದವನು ಒಡೆಯ. ಅದೇ ಲಾರಿಯಲ್ಲಿ ಅವನ ಪಕ್ಕ ಕುಳಿತು, ಕುಮಟಾದಲ್ಲಿರುವ ತಂಗಿಯನ್ನು ನೋಡಲು ಹೊರಟವನು ಬಿಟ್ಟಿ ಪ್ರಯಾಣಿಕ. ಇಬ್ಬರೂ ಒಂದೇ ಕಣಿವೆಗೆ ಬೀಳುತ್ತಾರೆ. ಒಬ್ಬನ ಮನೆಗೆ 30 ಲಕ್ಷ, ಇನ್ನೊಬ್ಬನ ಮನೆಗೆ ಮಾಲೀಕನ ಮೇಲೊಂದು ತೀರ್ಪು. ಸವಣೂರಿನ ವ್ಯಾಪಾರಿಗಳು ಯಾವ ಗುಂಪಿನವರೆಂದು ನಿರ್ಧರಿಸುವ ಅಧಿಕಾರ ನ್ಯಾಯಮಂಡಳಿಯದು. ಆದರೆ ತಮ್ಮ ಸರಕಿನೊಡನೆ ಸಂತೆಗೆ ಹೊರಟವರನ್ನು ಬಿಟ್ಟಿ ಎನ್ನುವುದು ಈ ಲೇಖಕನಿಗೆ ತೋರುವಂತೆ ಶಬ್ದಾರ್ಥಕ್ಕೇ ವಿರುದ್ಧ. ಅವರು ಬಾಡಿಗೆ ಕೊಟ್ಟಿರುತ್ತಾರೆ, ಸರಕು ಹೇರಿರುತ್ತಾರೆ, ಸಂಜೆ ಖಾಲಿ ಚೀಲಗಳೊಂದಿಗೆ ಮರಳಬೇಕಿರುತ್ತದೆ.

ವಿಮಾ ಕಂಪೆನಿಗಳ ವಕೀಲರು ಇಷ್ಟಕ್ಕೇ ಸುಮ್ಮನಾಗುವವರಲ್ಲ; ಅವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಸರಕಿನ ಒಡೆಯನು ಚಾಲಕನ ಪಕ್ಕದ ಕೋಣೆಯಲ್ಲಿ ಕೂರಬೇಕೇ ಹೊರತು ಸರಕಿನ ಮೇಲೆ ಕೂರುವಂತಿಲ್ಲವೆಂದು ಆಂಧ್ರದ ಪ್ರಕರಣವೊಂದರಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಲಾರಿಯ ಕೋಣೆಯಲ್ಲಿ ಹಿಡಿಸುವವರು ಎಷ್ಟು ಮಂದಿ? ಮೂವರೋ ನಾಲ್ವರೋ. ಉಳಿದವರೆಲ್ಲ ಚೀಲಗಳ ಮೇಲೆ, ಹಗ್ಗ ಹಿಡಿದು, ತಲೆಗೆ ಟವೆಲು ಸುತ್ತಿಕೊಂಡು ಘಟ್ಟ ಇಳಿಯುವವರು. ಇನ್ನು ಪಾಲಿಸಿಯಲ್ಲಿ ಎಷ್ಟು ಜನರಿಗೆ ವಿಮೆಯಿದೆಯೋ ಅಷ್ಟೇ ಜನರ ಹೊಣೆ ಕಂಪೆನಿಯದೆಂದು 2007ರಲ್ಲೇ ಹಿಮಾಚಲದ ಬಸ್ಸೊಂದರ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅಲ್ಲಿ ನ್ಯಾಯಾಲಯ ಕಂಡುಕೊಂಡ ಉಪಾಯ ಗಮನಾರ್ಹ: ವಿಮೆಯಿರುವ ಸಂಖ್ಯೆಗೆ ತಕ್ಕಂತೆ ಅತಿ ದೊಡ್ಡ ಮೊತ್ತದ ತೀರ್ಪುಗಳನ್ನು ಕೂಡಿಸಿ ಕಂಪೆನಿಯಿಂದ ಠೇವಣಿ ಇಡಿಸಿ, ಆ ಹಣವನ್ನು ಎಲ್ಲ ಕುಟುಂಬಗಳಿಗೂ ಅವರವರ ಪಾಲಿನಂತೆ ಹಂಚುವುದು. ಯಾರಿಗೂ ಪೂರ್ಣ ಸಿಗದಿದ್ದರೂ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ.

ಮತ್ತೊಂದು ಬಾಗಿಲೂ ಇದೆ. ವಕೀಲರು ಅದನ್ನು ‘ಮೊದಲು ಕೊಡು, ಆಮೇಲೆ ವಸೂಲಿ ಮಾಡಿಕೋ’ ಎಂದು ಕರೆಯುತ್ತಾರೆ. ಬಲ್ಜೀತ್ ಕೌರ್ ಪ್ರಕರಣದಲ್ಲಿ ಕಂಪೆನಿಗೆ ಹೊಣೆಯಿಲ್ಲವೆಂದ ನ್ಯಾಯಾಲಯವೇ, ಸದ್ಯಕ್ಕೆ ಕಂಪೆನಿಯು ಕುಟುಂಬಕ್ಕೆ ಹಣ ಕೊಟ್ಟು, ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸಿತು. 2017ರಲ್ಲೂ ಬಿಟ್ಟಿ ಪ್ರಯಾಣಿಕರ ವಿಷಯದಲ್ಲಿ ಅದೇ ಮಾರ್ಗ ಹಿಡಿಯಿತು. ಇದರಿಂದ ವಿಧವೆಯ ಕೈಗೆ ಹಣ ಸೇರುತ್ತದೆ. ಆದರೆ ಕಂಪೆನಿ ಮಾಲೀಕನ ಬೆನ್ನು ಹತ್ತುತ್ತದೆ. ಒಂದು ಲಾರಿಯ ಒಡೆಯನೂ ನಮ್ಮಂತೆಯೇ ಮಕ್ಕಳೊಂದಿಗನೆಂಬುದನ್ನು ಮರೆಯಬಾರದು. ನಮ್ಮ ಓದುಗರಲ್ಲಿ ಲಾರಿ, ಮಿನಿ ಗೂಡ್ಸ್ ಇಟ್ಟುಕೊಂಡವರೂ ಇರುವುದರಿಂದ ಅವರಿಗೂ ಒಂದು ಮಾತು: ವರ್ಷಕ್ಕೊಮ್ಮೆ ಪಾಲಿಸಿ ಮಾಡಿಸುವಾಗ ಕಂತಿನ ಮೊತ್ತದ ಕೆಳಗಿನ ಸಾಲುಗಳನ್ನೂ ಓದಿರಿ. ಎಷ್ಟು ಜನ ನೌಕರರಿಗೆ, ಎಷ್ಟು ಜನ ಸರಕಿನವರಿಗೆ ಹಣ ಕಟ್ಟಿದ್ದೀರೆಂಬುದು ಅಲ್ಲಿರುತ್ತದೆ. ಬಾಡಿಗೆಯ ಆಸೆಗೆ ಇಪ್ಪತ್ತು ಜನರನ್ನು ಹತ್ತಿಸಿದ ದಿನ, ಅವರಲ್ಲಿ ಹೆಚ್ಚಿನವರ ಪ್ರಾಣದ ವಿಮೆ ನೀವೇ ಆಗಿರುತ್ತೀರಿ.

ಟ್ರ್ಯಾಕ್ಟರಿನ ಸಂಗತಿ ಇನ್ನೂ ಕಠಿಣ. ತರಕಾರಿ ವ್ಯಾಪಾರಿಯೊಬ್ಬ ತನ್ನ ಸರಕಿನೊಡನೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೋಗುವಾಗ ಮಡಿದ ಪ್ರಕರಣ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಕೃಷಿ ಕೆಲಸಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರು ಸರಕು ವಾಹನವೇ ಅಲ್ಲ, ಆದ್ದರಿಂದ ‘ಸರಕಿನ ಒಡೆಯ’ ಎಂಬ ರಕ್ಷಣೆಯೂ ಅಲ್ಲಿ ಸಲ್ಲದು ಎಂದಾಯಿತು. ಸರಕಿನ ಒಡೆಯನಿಗೇ ಹೀಗಾದರೆ, ಹಬ್ಬದ ಬಲಿಪೂಜೆಗೆಂದು ಟ್ರೇಲರ್ ಹತ್ತಿದ ಮೂವತ್ತು ಜನರ ಪಾಡೇನು? ಧರ್ಮಕೇಂದ್ರದ ಗುರುಗಳು ಹಬ್ಬದ ವಾರದ ಪ್ರಕಟಣೆಗಳಲ್ಲಿ ಮೇಣದಬತ್ತಿ, ಊಟದ ವ್ಯವಸ್ಥೆಗಳ ಜೊತೆಗೆ ಇದನ್ನೂ ಒಂದು ವಾಕ್ಯದಲ್ಲಿ ಹೇಳಿದರೆ ಉಪಕಾರ.

ಜನರು ಸರಕಿನ ಮೇಲೆ ಏಕೆ ಕೂರುತ್ತಾರೆಂದು ಪಟ್ಟಣದವರು ಬೈಯುವುದುಂಟು. ನಡುರಾತ್ರಿ ಹೊರಟು ನಸುಕಿಗೆ ಕರಾವಳಿಯ ಸಂತೆ ಸೇರಬೇಕಾದವನ ಇಪ್ಪತ್ತು ಚೀಲವನ್ನು ಯಾವ ಬಸ್ಸು ಹೇರಿಕೊಳ್ಳುತ್ತದೆ? ಸರಕು ಒಂದು ವಾಹನದಲ್ಲಿ, ತಾನು ಮತ್ತೊಂದರಲ್ಲಿ ಎಂದರೆ ಆ ದಿನದ ಲಾಭ ಅಲ್ಲಿಗೇ ತೀರಿತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಕಡತಗಳಲ್ಲಿ ಓಡುತ್ತಲೇ ದಶಕಗಳು ಕಳೆದಿವೆ.

ಪ್ರಯಾಣಿಕ ವಾಹನದಲ್ಲಿ ಸಾಗುವವರಿಗೆ ಈ ತೊಡಕಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ನಮ್ಮ ಜಿಲ್ಲೆಯದೇ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಯಾತ್ರಿಕರ ಟೆಂಪೊ ಟ್ರಾವೆಲರ್ ನಿಂತ ಲಾರಿಗೆ ಬಡಿದು ಹದಿಮೂರು ಜನ ಮಡಿದರು. ಅಂತಹ ಅಪಘಾತಗಳಲ್ಲಿ ಏಳುವ ವಾದ ಬೇರೆ: ತಪ್ಪು ಓಡುತ್ತಿದ್ದ ವಾಹನದ್ದೋ, ದಾರಿಯಲ್ಲಿ ನಿಂತದ್ದರದ್ದೋ? ಇಬ್ಬರ ತಪ್ಪೂ ಸೇರಿದ್ದರೆ, ತನ್ನದೇನೂ ತಪ್ಪಿಲ್ಲದ ಪ್ರಯಾಣಿಕನ ಮನೆಯವರು ಪೂರ್ಣ ಹಣವನ್ನು ಇಬ್ಬರಲ್ಲಿ ಯಾರಿಂದಲಾದರೂ ಪಡೆಯಬಹುದು. ತಮ್ಮೊಳಗಿನ ಪಾಲನ್ನು ಅವರು ಬಗೆಹರಿಸಿಕೊಳ್ಳಲಿ ಎಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಬದುಕಿ ಉಳಿದವರ ವಿಷಯದಲ್ಲಿ ನ್ಯಾಯಮಂಡಳಿಗಳು ಎಡವುವುದು ಹೆಚ್ಚು. ವೈದ್ಯರು ಕಾಲಿನ ಅಂಗವೈಕಲ್ಯ ಶೇಕಡಾ 40 ಎಂದು ಬರೆದರೆ ಗಳಿಕೆಯ ನಷ್ಟವೂ ಶೇಕಡಾ 40 ಎಂದಲ್ಲ. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವನಿಗೆ ಅದು ಹತ್ತೂ ಆಗದಿರಬಹುದು. ಚೀಲ ಹೊರುವವನಿಗೆ ನೂರೂ ಆಗಬಹುದು. ಆ ವ್ಯಕ್ತಿ ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂದು ನೋಡಿ ನಿರ್ಣಯಿಸಬೇಕೆಂದು 2010ರಲ್ಲೇ ತೀರ್ಪಾಗಿದೆ. ಗೃಹಿಣಿಯ ದುಡಿಮೆಗೂ ಹೀಗೆಯೇ ಬೆಲೆ ಕಟ್ಟಬೇಕು. ಆಕೆಯ ಅಂದಾಜು ಆದಾಯಕ್ಕೂ ಭವಿಷ್ಯದ ಏರಿಕೆ ಸೇರಿಸಬೇಕೆಂದು 2021ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ‘ಮನೆಯಲ್ಲೇ ಇದ್ದಳು, ಏನೂ ಗಳಿಸುತ್ತಿರಲಿಲ್ಲ’ ಎಂದು ಗಂಡನೇ ಪೊಲೀಸರೆದುರು ಹೇಳಿಬಿಡುವುದುಂಟು.

ಇನ್ನು ನಮ್ಮವರಲ್ಲಿ ಮಾತ್ರ ಕಾಣುವ ಒಂದು ಹಿಂಜರಿಕೆಯ ವಿಚಾರ. ‘ನಾವು ಕ್ಷಮಿಸಿದ್ದೇವೆ, ಕೇಸು ಬೇಡ’ ಎಂಬ ಮಾತು ಮರಣದ ಮನೆಯಲ್ಲಿ ಕೇಳಿಬರುತ್ತದೆ. ಚಾಲಕನು ಪಕ್ಕದೂರಿನ ಬಡವ, ಬಂದು ಕಾಲಿಗೆ ಬಿದ್ದಿದ್ದಾನೆ. ಸತ್ತವನ ಜೀವಕ್ಕೆ ಬೆಲೆ ಕಟ್ಟಿ ಹಣ ತಿನ್ನುವುದೇ ಎಂಬ ಸಂಕೋಚ. ಈ ಮನಸ್ಸು ದೊಡ್ಡದು. ಆದರೆ ಕ್ಷಮೆಯೂ ಪರಿಹಾರವೂ ಒಂದರ ಜಾಗದಲ್ಲಿ ಇನ್ನೊಂದು ಕೂರುವಂತಹವಲ್ಲ. ವಿಮೋಚನಾಕಾಂಡದ 21ನೆಯ ಅಧ್ಯಾಯವನ್ನು ಓದಿದರೆ ಮೋಶೆಯ ಧರ್ಮಶಾಸ್ತ್ರವು ಈ ವಿಷಯದಲ್ಲಿ ಎಷ್ಟು ಲೌಕಿಕವಾಗಿದೆಯೆಂದು ಆಶ್ಚರ್ಯವಾಗುತ್ತದೆ. ಹೊಡೆತಕ್ಕೆ ಸಿಕ್ಕಿ ಹಾಸಿಗೆ ಹಿಡಿದವನು ಎದ್ದು ಕೋಲೂರಿ ಓಡಾಡುವಂತಾದರೂ, ಅವನು ಕೆಲಸವಿಲ್ಲದೆ ಕಳೆದ ಕಾಲದ ನಷ್ಟವನ್ನು ಹೊಡೆದವನು ತುಂಬಬೇಕು, ಪೂರ್ತಿ ಗುಣವಾಗುವ ತನಕ ಆರೈಕೆಯನ್ನೂ ನೋಡಿಕೊಳ್ಳಬೇಕು. ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿನ ಬೆಲೆ ತೆರಬೇಕು. ಇಂದಿನ ನ್ಯಾಯಮಂಡಳಿಯ ‘ಗಳಿಕೆಯ ನಷ್ಟ’, ‘ಚಿಕಿತ್ಸೆಯ ವೆಚ್ಚ’ ಎಂಬ ಶೀರ್ಷಿಕೆಗಳು ಅಲ್ಲಿಯೇ ಇವೆ. ತಡೆಗೋಡೆಯಿಲ್ಲದ ಘಟ್ಟದ ರಸ್ತೆಯನ್ನು ನೆನೆದಾಗ ಆ ಗುಂಡಿಯ ನಿಯಮ ಯಾರಿಗೆ ಅನ್ವಯಿಸಬೇಕೆಂಬ ಯೋಚನೆಯೂ ಬರದಿರದು.

ಕುಡಿದು ಅಥವಾ ವೇಗದ ಮೋಹದಿಂದ ರಸ್ತೆಯಲ್ಲಿ ಪರರ ಪ್ರಾಣಕ್ಕೆ ಅಪಾಯ ತರುವುದು ಘೋರ ಅಪರಾಧವೆಂದು ಶ್ರೀಸಭೆಯ ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದ ಹೇಳುತ್ತದೆ. 2007ರ ಜೂನ್‌ನಲ್ಲಿ ವ್ಯಾಟಿಕನ್ ಹೊರಡಿಸಿದ ರಸ್ತೆ ಸಂಚಾರ ಕುರಿತ ಮಾರ್ಗಸೂಚಿಯಲ್ಲಿ ವಾಹನ ಚಾಲಕರಿಗೆ ಹತ್ತು ಕಟ್ಟಳೆಗಳಿವೆ. ಅಂದು ಜಗತ್ತಿನ ಪತ್ರಿಕೆಗಳು ಅದನ್ನು ವಿನೋದವೆಂಬಂತೆ ಪ್ರಕಟಿಸಿದವು. ಆದರೆ ಅದರ ಏಳನೆಯ ಕಟ್ಟಳೆ ಅಪಘಾತಕ್ಕೀಡಾದವರ ಕುಟುಂಬಕ್ಕೆ ಆಸರೆಯಾಗಿ ನಿಲ್ಲಬೇಕೆನ್ನುತ್ತದೆ. ಎಂಟನೆಯದು ತಪ್ಪಿತಸ್ಥ ಚಾಲಕನನ್ನೂ ನೊಂದವರನ್ನೂ ತಕ್ಕ ಕಾಲದಲ್ಲಿ ಒಂದುಗೂಡಿಸಿ ಕ್ಷಮೆಯ ಬಿಡುಗಡೆಯನ್ನು ಇಬ್ಬರಿಗೂ ದೊರಕಿಸಬೇಕೆನ್ನುತ್ತದೆ. ಆಸರೆ ಏಳನೆಯದು, ಕ್ಷಮೆ ಎಂಟನೆಯದು. ಚಾಲಕನನ್ನು ಮನಸಾರೆ ಕ್ಷಮಿಸಿ, ವಿಮಾ ಕಂಪೆನಿಯಿಂದ ಮಕ್ಕಳ ಪಾಲನ್ನು ಪೈಸೆ ಬಿಡದೆ ಕೇಳುವುದರಲ್ಲಿ ವಿರೋಧವಿಲ್ಲ. ಕಂಪೆನಿಯು ಕಂತಿನ ಹಣ ಪಡೆದದ್ದು ಈ ದಿನಕ್ಕಾಗಿಯೇ. ತಂದೆ ಇಲ್ಲದ ಮಗುವಿನ ಹಣವನ್ನು ದೊಡ್ಡಪ್ಪಂದಿರು ತಮ್ಮ ಔದಾರ್ಯವಾಗಿ ಬಿಟ್ಟುಕೊಡುವ ಅಧಿಕಾರ ಯಾರು ಕೊಟ್ಟರು?

ಊರ ಹಿರಿಯರ ರಾಜಿಯಲ್ಲೂ ಎಚ್ಚರ ಬೇಕು. ಅಂತ್ಯಕ್ರಿಯೆಯ ಖರ್ಚಿಗೆಂದು ಇಪ್ಪತ್ತೈದು ಸಾವಿರ ಕೊಟ್ಟು, ತಪ್ಪು ಸತ್ತವನದೇ ಎಂಬ ಮುದ್ರಾಂಕ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ, ಆ ಕಾಗದ ಮುಂದೆ ಪಾಟೀಸವಾಲಿನಲ್ಲಿ ಎದ್ದು ಬರುತ್ತದೆ. ಲೋಕ ಅದಾಲತ್ತಿನ ರಾಜಿ ಬೇರೆ. ಅದು ಕಾನೂನುಬದ್ಧ, ಶೀಘ್ರ. ಆದರೆ ಅಲ್ಲಿ ಒಪ್ಪಿದ ಮೊತ್ತದ ಮೇಲೆ ಮೇಲ್ಮನವಿಯಿಲ್ಲ. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ, ಕಂಪೆನಿಯವರು ಹೇಳುವ ಮೊತ್ತ ಎಷ್ಟು ಕಡಿಮೆಯೆಂದು ತಿಳಿದು ಒಪ್ಪಬಹುದು ಅಥವಾ ಬಿಡಬಹುದು. ವಕೀಲರಿಗೆ ಹಣವಿಲ್ಲದ ಹೆಂಗಸರಿಗೂ ಕಾರ್ಮಿಕರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯು ಉಚಿತ ವಕೀಲರನ್ನು ಒದಗಿಸುತ್ತದೆ. ತಪ್ಪು ಯಾರದೆಂದು ರುಜುವಾತು ಮಾಡುವ ಗೋಜೇ ಬೇಡವೆನ್ನುವವರಿಗೆ 164ನೆಯ ಕಲಮಿನಂತೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಎಂಬ ನಿಶ್ಚಿತ ಮೊತ್ತವಿದೆ. ಮೂವತ್ತು ಲಕ್ಷದ ಹಕ್ಕಿರುವವರು ಅವಸರದಿಂದ ಆ ದಾರಿ ಹಿಡಿಯಬಾರದು. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ.

ಅದೇ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ. 1994ರಲ್ಲಿ ತೆಗೆದುಹಾಕಿದ್ದ ಗಡುವನ್ನು ಮರಳಿ ತಂದದ್ದು ಬಡವರಿಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು. ಗಂಡ ಸತ್ತ ಹೆಂಗಸು ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಆರು ತಿಂಗಳು ಮುಗಿದಿರುತ್ತದೆ. ಈ ಗಡುವಿನ ಸಿಂಧುತ್ವ ಪ್ರಶ್ನಿತವಾಗಿ, ತಡವೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕೂರದೆ ಆರು ತಿಂಗಳೊಳಗೇ ಅರ್ಜಿ ಕೊಡುವುದು ಕ್ಷೇಮ. ಅರ್ಜಿ ಕೊಡಲು ಅಪಘಾತವಾದ ಯಲ್ಲಾಪುರದ ಕಡೆಗೇ ಅಲೆಯಬೇಕಿಲ್ಲ. ತಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಸಲ್ಲಿಸಬಹುದು.

ಅದಕ್ಕೂ ಮೊದಲಿನ ಕೆಲಸ ಮೊದಲ ಎರಡು ದಿನಗಳದು. ಗಾಯಾಳುಗಳು ಆಸ್ಪತ್ರೆಯ ಮಂಚದಲ್ಲಿ ಕೊಡುವ ಹೇಳಿಕೆಯಲ್ಲಿ ‘ಲಾರಿಯಲ್ಲಿ ಹೋಗುತ್ತಿದ್ದೆವು’ ಎಂದಷ್ಟೇ ಬರೆಸಿದರೆ ಸಾಲದು. ಯಾವ ಸರಕು, ಎಷ್ಟು ಚೀಲ, ಯಾರ ಅಂಗಡಿಯಿಂದ ಕೊಂಡದ್ದು, ಬಾಡಿಗೆ ಎಷ್ಟು, ಕೂತದ್ದು ಎಲ್ಲಿ ಎಂಬುದು ಅದರಲ್ಲಿ ಬರಬೇಕು. ಸುಳ್ಳು ಸೇರಿಸಬಾರದು, ಇದ್ದುದನ್ನು ಬಿಡಲೂಬಾರದು. ಸ್ಥಳ ಪಂಚನಾಮೆ ಮಾಡುವಾಗ ಊರಿನಿಂದ ಧಾವಿಸಿ ಹೋದವರಲ್ಲಿ ಒಬ್ಬರಾದರೂ ಧೈರ್ಯ ತಂದುಕೊಂಡು, ಕಣಿವೆಯಲ್ಲಿ ಚೆಲ್ಲಿದ ತರಕಾರಿಯ ಚೀಲಗಳನ್ನು ಎಣಿಸಿ, ಚೀಲದ ಮೇಲೆ ಯಾವ ವ್ಯಾಪಾರಿಯ ಗುರುತು ಇದೆಯೆಂಬುದನ್ನೂ ಬರೆದುಕೊಳ್ಳುವಂತೆ ಪೊಲೀಸರನ್ನು ಕೇಳಬೇಕು.